ಮೊಂಡು ತೋಳಿನ ಶಿಲುಬೆ

ಅಚ್ಚಿನಮ್ಮ ಎಂಬುದು ಅವಳ ಹೆಸರಲ್ಲ. ಈ ಊರಿಗೆ ಬಂದ ದಿನ ಅವಳ ಬಳಿ ಇದ್ದದ್ದು ಒಂದೇ ಗಂಟು. ಚರ್ಚಿನ ಸೇವಾಸಂಘದವರು ಅದನ್ನು ಬಿಚ್ಚಿಸಿದಾಗ ಬಟ್ಟೆಬರೆ ಏನೂ ಕಾಣಲಿಲ್ಲ. ಹಳೆಯ ಕಂಬಳಿಯಲ್ಲಿ ಸುತ್ತಿದ ಕಬ್ಬಿಣದ ಅಚ್ಚೊಂದು ಇತ್ತು. ಅಂದಿನಿಂದ ಆ ಹೆಸರು ಅಂಟಿಕೊಂಡಿತು. ಚರ್ಚಿನ ಹಿಂದಿನ ಓಣಿಯ ಮಕ್ಕಳು ಹಾಗೇ ಕೂಗುತ್ತಿದ್ದರು, ಫಾದರ್ ಕೂಡ ಹಾಗೇ ಕರೆಯುತ್ತಿದ್ದರು. ಅವಳಿಗೂ ಅದು ಅನುಕೂಲವೇ ಆಗಿತ್ತು. ಸ್ವಂತ ಹೆಸರು ಬಾಯಿಂದ ಬಾಯಿಗೆ ಹೋಗುವುದು ಅವಳಿಗೆ ಬೇಕಿರಲಿಲ್ಲ.

ಅಚ್ಚು ನೋಡಲು ದೊಡ್ಡ ಇಕ್ಕಳದ ಹಾಗಿದೆ. ಉದ್ದನೆಯ ಎರಡು ಹಿಡಿ, ತುದಿಯಲ್ಲಿ ಒಂದರ ಮೇಲೊಂದು ಕೂರುವ ಎರಡು ದುಂಡು ಫಲಕ. ಕೆಳಗಿನ ಫಲಕದಲ್ಲಿ ನಾಲ್ಕು ಪುಟ್ಟ ಶಿಲುಬೆಗಳನ್ನು ಕೊರೆದಿದ್ದಾರೆ. ಪೂಜೆಯಲ್ಲಿ ಪ್ರಸಾದವಾಗಿ ಕೊಡುವ ತೆಳ್ಳನೆಯ ಬಿಳಿ ರೊಟ್ಟಿ ತಯಾರಾಗುವುದು ಇದರಲ್ಲೇ. ಬೇಕಾದದ್ದು ಗೋಧಿಹಿಟ್ಟು ಮತ್ತು ನೀರು. ಉಪ್ಪು, ಹುಳಿ ಯಾವುದೂ ಸೇರಬಾರದು. ಕಾದ ಫಲಕಕ್ಕೆ ಜೇನುಮೇಣ ಸವರಿ, ತೆಳ್ಳಗೆ ಕಲಸಿದ ಹಿಟ್ಟನ್ನು ಹೊಯ್ದು ಹಿಡಿ ಒತ್ತಿದರೆ ಸುತ್ತಲಿಂದ ಆವಿ ಚುಸ್ಸೆಂದು ಹೊರಡುತ್ತದೆ. ಆ ಸದ್ದು ನಿಂತಿತೆಂದರೆ ನೀರೆಲ್ಲ ಹೋಗಿದೆ, ತೆರೆಯಬಹುದು. ಬಿಸಿ ಹಾಳೆಯನ್ನು ಆಗಲೇ ಕತ್ತರಿಸಲು ಹೋದರೆ ಗಾಜಿನಂತೆ ಚೂರಾಗುತ್ತದೆ. ಒದ್ದೆ ಬಟ್ಟೆಯ ನಡುವೆ ಇಟ್ಟು ಮೆತ್ತಗಾಗಿಸಬೇಕು. ಹೊತ್ತು ಮೀರಿದರೆ ಉಬ್ಬಿ ಬಂದ ಶಿಲುಬೆ ಅಳಿಸಿಹೋಗುತ್ತದೆ. ಆಮೇಲೆ ಕೊಳವೆಯಂಥ ಒಂದು ಸಾಧನದಿಂದ ದುಂಡಗೆ ಕತ್ತರಿಸಿ ಒಣಗಿಸುವುದು. ಅಂಚಿನ ಚೂರುಗಳು ಓಣಿಯ ಮಕ್ಕಳಿಗೆ ಹೋಗುತ್ತಿದ್ದವು.

ನಾಲ್ಕು ಶಿಲುಬೆಗಳಲ್ಲಿ ಒಂದಕ್ಕೆ ಬಲಗಡೆಯ ತೋಳು ಅರ್ಧವೇ ಇತ್ತು. ಕೊರೆದ ಗೀರಿನೊಳಕ್ಕೆ ಕಬ್ಬಿಣವೇ ನಗ್ಗಿಹೋಗಿತ್ತು. ಹಾಗಾಗಿ ರೊಟ್ಟಿಯ ಮೇಲೆ ಆ ತೋಳು ಮೊಂಡಾಗಿಯೇ ಮೂಡುತ್ತಿತ್ತು.

ನಗ್ಗಿದ್ದು ಅವಳ ಹುಟ್ಟೂರಿನಲ್ಲಿ. ಅಲ್ಲಿ ಅವಳ ತಾಯಿ ಚರ್ಚಿಗೆ ರೊಟ್ಟಿ ಸುಡುತ್ತಿದ್ದರು, ತಾಯಿಯ ನಂತರ ಇವಳು. ಅಲ್ಲಿ ಕ್ರೈಸ್ತರದು ಬೆರಳೆಣಿಕೆಯ ಮನೆಗಳು. ಒಂದು ವರ್ಷ ಊರಿನ ಉಳಿದವರ ಮನಸ್ಸು ಕೆಟ್ಟಿತು. ಮೊದಲು ಅಂಗಡಿಯಲ್ಲಿ ಸಾಮಾನು ಕೊಡುವುದನ್ನು ನಿಲ್ಲಿಸಿದರು, ಆಮೇಲೆ ಬಾವಿ, ಕೊನೆಗೆ ಬೆಂಕಿ. ಉರಿಯುವ ಮಾಡಿನ ತೊಲೆ ಅಚ್ಚಿನ ಮೇಲೆ ಬಿದ್ದಿತ್ತು. ಗಂಡ ಆ ಬೆಂಕಿಯಲ್ಲೇ ಹೋದ. ಬೂದಿ ಕೆದಕಿ ಅಚ್ಚನ್ನು ಹೊರಗೆ ತೆಗೆದವನು ಅವಳ ಅಣ್ಣ, ಚರ್ಚಿನಲ್ಲಿ ಮಕ್ಕಳಿಗೆ ಪ್ರಾರ್ಥನೆ ಕಲಿಸುತ್ತಿದ್ದವನು.

"ನೀನು ಹೋಗು ಪುಟ್ಟಿ," ಎಂದಿದ್ದ ಅಣ್ಣ. "ಇದು ಇಲ್ಲಿದ್ರೆ ನಮ್ಮನ್ನ ಹಿಡಿಸಿಕೊಡುತ್ತೆ. ತಗೊಂಡು ಹೋಗಿ ಅಲ್ಲಿಂದ ಸುಟ್ಟು ಕಳಿಸು."

"ನೀನು?"

"ಉಳಿದಿರೋ ಮನೆಯವರಿಗೆ ಯಾರಾದ್ರೂ ಬೇಕಲ್ಲ. ಮುದುಕ ಫಾದರ್ ಒಬ್ಬರು ಕದ್ದುಮುಚ್ಚಿ ಬರ್ತೀನಿ ಅಂದಿದಾರೆ." ಅಚ್ಚನ್ನು ಕಂಬಳಿಯಲ್ಲಿ ಸುತ್ತುತ್ತಾ ನಗ್ಗಿದ ಜಾಗವನ್ನು ಹೆಬ್ಬೆರಳಿನಿಂದ ಸವರಿದ. "ಈ ಮೊಂಡು ತೋಳು ಬರ್ತಾ ಇರೋವರೆಗೂ ನೀನು ಇದ್ದೀಯ ಅಂತ ತಿಳ್ಕೋತೀನಿ. ಬರೀ ನೆಟ್ಟಗಿರೋ ಶಿಲುಬೆ ಬಂದ್ರೆ ಬೇರೆ ಯಾರೋ ಸುಟ್ಟಿದಾರೆ ಅಂತ ಅರ್ಥ. ಆಗ ನಿನಗೂ ಅಮ್ಮನಿಗೆ ಮಾಡಿದ ಹಾಗೇ ಮಾಡ್ತೀನಿ."

ಅವರ ತಾಯಿ ತೀರಿಕೊಂಡದ್ದು ದೂರದ ಆಸ್ಪತ್ರೆಯಲ್ಲಿ, ಮಣ್ಣಾದದ್ದೂ ಅಲ್ಲೇ. ಆಗ ಅಣ್ಣ ಒಂದು ಮೇಣದಬತ್ತಿಯನ್ನು ಮನೆಯ ಪ್ರಾರ್ಥನೆಯಲ್ಲಿ ಅರ್ಧ ಉರಿಸಿ ಆರಿಸಿದ್ದ. ಉಳಿದರ್ಧವನ್ನು ಆ ಊರಿಗೆ ಹೋಗುವವರ ಕೈಯಲ್ಲಿ ಕೊಟ್ಟು ಸಮಾಧಿಯ ಮೇಲೆ ಹಚ್ಚಿಸಿದ್ದ. ಇದು ಎಲ್ಲಿಯೂ ಬರೆದಿಟ್ಟ ಶಾಸ್ತ್ರವಲ್ಲ, ಅವನಿಗೆ ತೋಚಿದ್ದು.

ಗಡಿ ದಾಟಿ ಬಂದವಳನ್ನು ಬಸ್ ನಿಲ್ದಾಣದಿಂದ ಕರೆತಂದವರು ಸಂಘದ ಕಾರ್ಯದರ್ಶಿ. ಸಂಘವೆಂದರೆ ದೊಡ್ಡ ಕಥೋಲಿಕ ಸೇವಾಸಂಸ್ಥೆಯೊಂದರ ಸಣ್ಣ ಶಾಖೆ. ಯಾವ ದೇಶದಲ್ಲಿ ಕ್ರೈಸ್ತರು ಬಡತನದಲ್ಲೋ ಭಯದಲ್ಲೋ ಬದುಕುತ್ತಿದ್ದಾರೋ ಅಲ್ಲಿಗೆ ಔಷಧಿ, ಕಂಬಳಿ, ಸುಟ್ಟ ಚರ್ಚಿನ ಮಾಡಿಗೆ ತಗಡು, ಹಳ್ಳಿಯಿಂದ ಹಳ್ಳಿಗೆ ತಿರುಗುವ ಧರ್ಮಬೋಧಕರಿಗೆ ಸೈಕಲ್ಲು ಕಳಿಸುವುದು ಅದರ ಕೆಲಸ. ಚರ್ಚಿನ ಸಭಾಂಗಣದ ಕೆಳಗೆ ನುಸಿಗುಳಿಗೆಯ ವಾಸನೆಯ ಒಂದು ಕೋಣೆ, ರಟ್ಟಿನ ಪೆಟ್ಟಿಗೆಗಳು, ಉದ್ದ ಮೇಜು. ಅದರ ಪಕ್ಕದ ಚಿಕ್ಕ ಅಡುಗೆಮನೆಯನ್ನೇ ಕಾರ್ಯದರ್ಶಿ ಅವಳಿಗೆ ಬಿಟ್ಟುಕೊಟ್ಟರು. ಒಲೆ ಕೊಡಿಸಿದರು. ಮೊದಲ ವಾರ ತಮ್ಮ ಮನೆಯಿಂದಲೇ ಊಟ ತಂದರು. ಅವರನ್ನು ಅವಳು ಅಕ್ಕ ಎಂದು ಕರೆಯತೊಡಗಿದ್ದು ಯಾರೋ ಹೇಳಿಕೊಟ್ಟದ್ದರಿಂದಲ್ಲ.

ರೊಟ್ಟಿ ಹೋಗುವ ದಾರಿಯನ್ನು ಕಟ್ಟಿದವರೂ ಅವರೇ. ಔಷಧಿಯ ಪೆಟ್ಟಿಗೆಗಳ ನಡುವೆ ಬಿಸ್ಕತ್ತಿನ ಡಬ್ಬಿ, ಡಬ್ಬಿಯೊಳಗೆ ರೊಟ್ಟಿ. ಗಡಿಯಾಚೆ ಒಂದು ದವಾಖಾನೆಗೆ ಲಾರಿ ಹೋಗುತ್ತದೆ. ಅಲ್ಲಿಂದ ಡಬ್ಬಿ ಯಾರ ಕೈಗೆ ಹೋಗುತ್ತದೆಂಬುದು ಲಾರಿಯವನಿಗೆ ತಿಳಿಯದು. ಆ ಕೈಯವರಿಗೆ ಮುಂದಿನ ಕೈ ಮಾತ್ರ ಗೊತ್ತು. ಮುಂದಿನ ಬಾರಿ ಖಾಲಿ ಡಬ್ಬಿ ತೊಳೆದು ವಾಪಸ್ಸಾಗುತ್ತದೆ. "ಒಬ್ಬರಿಗೆ ಗೊತ್ತಿರೋದು ಇನ್ನೊಬ್ಬರಿಗೆ ಗೊತ್ತಿರಬಾರದು. ಬಾಯಿ ಬಿಟ್ರೆ ಕೆಟ್ವಿ," ಎಂದು ಎಲ್ಲರಿಗೂ ಹೇಳುತ್ತಿದ್ದವರು ಅಕ್ಕನೇ.

ಲಾರಿಯವನಿಗೆ ಓಣಿಯಲ್ಲಿ ಹಾರ್ನ್ ಮಾವ ಎಂದು ಹೆಸರು. ಎದುರಿಗೆ ಯಾರೂ ಇಲ್ಲದಿದ್ದರೂ ಹಾರ್ನ್ ಬಾರಿಸದೆ ಲಾರಿ ಕದಲಿಸುತ್ತಿರಲಿಲ್ಲ. "ಎಷ್ಟು ಗುಟ್ಟಿನ ಕೆಲಸ ಮಾಡ್ತೀರಿ ಮಾವ, ಊರಿಗೆಲ್ಲ ಕೇಳೋ ಹಾಗೆ!" ಎಂದು ಅಚ್ಚಿನಮ್ಮ ಕೆಣಕಿದರೆ, "ಕಳ್ಳ ಎಲ್ಲಾದ್ರೂ ಹಾರ್ನ್ ಹೊಡ್ಕೊಂಡು ಹೋಗ್ತಾನಾ ತಾಯಿ? ಅದಕ್ಕೇ ನನ್ನ ಮೇಲೆ ಯಾರಿಗೂ ಅನುಮಾನ ಬರಲ್ಲ," ಎನ್ನುತ್ತಿದ್ದ.

ಪ್ರತಿ ಡಬ್ಬಿ ಮುಚ್ಚುವ ಮೊದಲು ಅಚ್ಚಿನಮ್ಮ ಮೊಂಡು ತೋಳಿನ ರೊಟ್ಟಿಗಳನ್ನು ಮೇಲುಸಾಲಿಗೆ ಬರುವಂತೆ ಜೋಡಿಸುತ್ತಿದ್ದಳು. ಅಕ್ಕನ ಕಣ್ಣು ಚುರುಕು. ಒಂದು ಚಳಿಗಾಲ ಅಕ್ಕ ಜ್ವರದಲ್ಲಿ ಮಲಗಿದರು. ಮಕ್ಕಳಿಲ್ಲದ ಒಂಟಿ ಜೀವ. ಅಚ್ಚಿನಮ್ಮ ಹಗಲೆಲ್ಲ ಪಕ್ಕದಲ್ಲಿ ಕೂತು ಹಣೆಗೆ ಒದ್ದೆ ಬಟ್ಟೆ ಹಾಕಿದಳು. ರೊಟ್ಟಿಯ ಹಾಳೆಗೆ ಹಾಕುವಷ್ಟೇ ಒದ್ದೆ, ಸೋರದಷ್ಟು. ಜ್ವರ ಇಳಿದ ಮಧ್ಯಾಹ್ನ ಅಕ್ಕ ಕೇಳಿದರು:

"ಅಲ್ವೇ, ಆ ಮುರುಕು ಶಿಲುಬೆದನ್ನೇ ಯಾಕೆ ಮೇಲೆ ಇಡ್ತೀಯ? ಬೇರೆಯವರಾದ್ರೆ ಅಡಿಗೆ ಹಾಕಿ ಮುಚ್ಚಿಡ್ತಿದ್ರು."

ಅವಳು ಹೇಳಿದಳು. ಅಣ್ಣನ ಮಾತು, ಮೇಣದಬತ್ತಿ, ಎಲ್ಲ. ಅದನ್ನು ಅವಳು ಫಾದರ್‌ಗೂ ಹೇಳಿರಲಿಲ್ಲ. ಅಕ್ಕ ಅತ್ತರು. ಅವಳ ಕೈ ಹಿಡಿದು, "ಇದು ನನ್ನ ಜೊತೇನೇ ಮಣ್ಣಿಗೆ ಹೋಗುತ್ತೆ," ಎಂದರು.

ಹಾಗೆ ಕೆಲವು ವರ್ಷ ನಡೆಯಿತು.

ವರ್ಷಕ್ಕೊಮ್ಮೆ ಒಂದು ಭಾನುವಾರ ಪೂಜೆಯ ಕೊನೆಯಲ್ಲಿ ಸಂಘದವರು ಮಾತನಾಡಿ ಸಹಾಯ ಕೇಳುವುದಿತ್ತು. ಈಚೆಗೆ ಜನರ ಕೈ ಬಿಗಿಯಾಗಿತ್ತು. ಬೀಗ ಹಾಕಬೇಕಾದೀತು ಎಂದು ಮುಖ್ಯ ಕಚೇರಿ ಎಚ್ಚರಿಸಿದೆ ಎಂಬ ಮಾತು ಕೋಣೆಯಲ್ಲಿ ಓಡಾಡುತ್ತಿತ್ತು. ಕಂಬಳಿಯ ಕಪಾಟು ಅರ್ಧ ಖಾಲಿ ಇತ್ತು. ಆ ಭಾನುವಾರ ಅಚ್ಚಿನಮ್ಮ ಎಂದಿನಂತೆ ಕಂಬದ ಪಕ್ಕದ ಬೆಂಚಿನಲ್ಲಿ ಕೂತಿದ್ದಳು. ಅಕ್ಕ ಮೈಕಿನ ಮುಂದೆ ಬಂದು ನಿಂತರು. ಬಲಿಪೀಠದ ಬದಿಯಲ್ಲಿ ಪರದೆ ಇಳಿಯಿತು. ಅದರ ಮೇಲೆ ಒಂದು ಅಂಗೈ, ಅಂಗೈ ಮೇಲೆ ಒಂದು ರೊಟ್ಟಿ, ಗೋಡೆಯಷ್ಟು ದೊಡ್ಡದು.

"ಈ ಶಿಲುಬೆಯ ಬಲತೋಳು ನೋಡಿ," ಎಂದರು ಅಕ್ಕ. ಅವರ ದನಿ ಚೆನ್ನಾಗಿತ್ತು, ಯಾವತ್ತೂ ಚೆನ್ನಾಗಿರುತ್ತಿತ್ತು. "ಇದು ಮೊಂಡು. ಪ್ರಾರ್ಥನೆ ಮಾಡಿದ್ರೆ ಮನೆ ಸುಡೋ ಒಂದು ಜಾಗಕ್ಕೆ ಈ ರೊಟ್ಟಿ ಹೋಗುತ್ತೆ. ಅಲ್ಲೊಬ್ಬ ಅಣ್ಣ ಇದಾನೆ. ಇಲ್ಲೊಬ್ಬ ತಂಗಿ ಇದಾಳೆ. ಈ ಮೊಂಡು ತೋಳು ಅವನ ಕೈ ಸೇರಿದ ದಿನ, ನನ್ನ ತಂಗಿ ಬದುಕಿದಾಳೆ ಅಂತ ಅವನಿಗೆ ಗೊತ್ತಾಗುತ್ತೆ."

ಜನ ಬಿಕ್ಕಿದರು. ಮುಂದಿನ ಸಾಲುಗಳಲ್ಲಿ ಫೋನುಗಳು ಮೇಲೆದ್ದವು, ಪ್ರತಿಯೊಂದರ ಪುಟ್ಟ ಗಾಜಿನಲ್ಲೂ ಮತ್ತೊಂದು ಮೊಂಡು ಶಿಲುಬೆ. ಅಚ್ಚಿನಮ್ಮನಿಗೆ ಮೊದಲು ಕೇಳಿಸಿದ್ದು ಅರ್ಥವಾಗಲಿಲ್ಲ. ತನ್ನದೇ ಮಾತು, ತಾನು ಹೇಳಿದ ಕ್ರಮದಲ್ಲೇ, ಬೇರೆ ಬಾಯಿಂದ ಬರುತ್ತಿತ್ತು. ಪಕ್ಕದಲ್ಲಿದ್ದ ಹೆಂಗಸು ಕಣ್ಣೊರೆಸಿಕೊಂಡು, "ಪಾಪ, ಯಾರೋ ಏನೋ," ಎಂದು ಅವಳ ಮೊಣಕೈ ಒತ್ತಿದಳು.

ಪೂಜೆ ಮುಗಿದ ಕೂಡಲೇ ಅವಳು ಕೆಳಗಿನ ಕೋಣೆಗೆ ಇಳಿದಳು. ಅಕ್ಕ ಪರದೆ ಸುತ್ತುತ್ತಿದ್ದರು. ಮುಖ ಕೆಂಪಗೆ ಅರಳಿತ್ತು.

"ಬಾರೇ, ಬಾ! ಹೇಗೆ ಅತ್ರು ನೋಡಿದ್ಯಾ? ಔಷಧಿ ಅಂಗಡಿ ಜಿಪುಣನೂ ಕರ್ಚೀಫು ತೆಗೆದ ಕಣೇ! ಈ ಸಲ ಕಪಾಟು ತುಂಬುತ್ತೆ."

"ಅಕ್ಕ, ಅದನ್ನ ಹೇಳಿಬಿಟ್ರಲ್ಲ."

"ಯಾವುದನ್ನ?"

"ತೋಳಿನ ವಿಷಯ."

ಅಕ್ಕನ ಕೈ ನಿಂತಿತು. ಆಮೇಲೆ ಮತ್ತೆ ಸುತ್ತತೊಡಗಿತು. "ನಿನ್ನ ಹೆಸರು ಹೇಳಿದ್ನಾ? ದೇಶ ಹೇಳಿದ್ನಾ? ಮುಖ ತೋರಿಸಿದ್ನಾ? ಎಷ್ಟು ಎಚ್ಚರ ವಹಿಸಿದೀನಿ ಗೊತ್ತಾ ನಿಂಗೆ? ಆ ಕೈ ಕೂಡ ನಿಂದಲ್ಲ, ನಮ್ಮ ಟೈಪಿಸ್ಟ್ ಹುಡುಗಿದು. ಉಂಗುರ ಬಿಚ್ಚಿಸಿ ಫೋಟೋ ತೆಗೆಸಿದೆ."

"ಅಲ್ಲಿ ಮನೆ ಹುಡುಕೋರು ಕೈ ನೋಡಲ್ಲ ಅಕ್ಕ. ರೊಟ್ಟಿ ನೋಡ್ತಾರೆ."

ಸಂಘದವರ ಎಚ್ಚರವೆಲ್ಲ ಮನುಷ್ಯರ ಗುರುತಿಗೆ ಮೀಸಲಾಗಿತ್ತು. ಮುಖ ಮಸುಕು ಮಾಡುವುದು, ಹೆಸರು ಬದಲಿಸುವುದು, ಊರಿನ ಹೆಸರು ಕೈಬಿಡುವುದು ಅವರಿಗೆ ಕರಗತ. ವಸ್ತುವಿಗೂ ಮುಖವಿರುತ್ತದೆಂದು ಹೊಳೆದಿರಲಿಲ್ಲ. ಆದರೆ ಅಕ್ಕನಿಗೆ ಹೊಳೆಯದೆ ಇರಲು ಸಾಧ್ಯವಿರಲಿಲ್ಲ. ಆ ಮುಖದ ಅರ್ಥ ಅವರಿಗೆ ಹೇಳಿಯಾಗಿತ್ತು.

"ಯಾರು ನೋಡ್ತಾರೆ ಬಿಡೇ," ಎಂದರು ಅಕ್ಕ, ದನಿ ತಗ್ಗಿಸಿ. "ಇಲ್ಲಿ ಚರ್ಚಲ್ಲಿ ಆಡಿದ ಮಾತು ಅಲ್ಲೀವರೆಗೂ ಹೋಗುತ್ತಾ?"

ಬಾಗಿಲಲ್ಲಿ ನಿಂತಿದ್ದ ಟೈಪಿಸ್ಟ್ ಹುಡುಗಿ ಫೋನು ಎತ್ತಿ ಹಿಡಿದು ಸಂಭ್ರಮದಿಂದ ಹೇಳಿದಳು: "ಮೇಡಂ, ವಿಡಿಯೊ ಆಗಲೇ ಎಲ್ಲೆಲ್ಲಿಗೋ ಹೋಗಿದೆ! ಹೊರದೇಶದೋರೂ ಹಂಚ್ಕೊಂಡಿದಾರೆ!"

ಅಕ್ಕ ಕುರ್ಚಿಯ ಮೇಲೆ ಕೂತರು. "ಬಾಗಿಲು ಮುಚ್ಚೋ ಪರಿಸ್ಥಿತಿ ಬಂದಿತ್ತು ಕಣೇ," ಎಂದರು. "ಮುಚ್ಚಿದ್ರೆ ನಿನ್ನ ರೊಟ್ಟಿನೂ ನಿಲ್ತಿತ್ತಲ್ಲ. ನಾನು ನನಗೋಸ್ಕರ ಮಾಡಿದ್ನಾ?"

"ನನ್ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರೆ ಬೇಡ ಅಂತಿದ್ದೆ."



ಲಾರಿ ಹಿಂದಿನ ದಿನವೇ ಹೊರಟಿತ್ತು, ಡಬ್ಬಿಯ ಮೇಲುಸಾಲಿನಲ್ಲಿ ಮೊಂಡು ತೋಳಿನವನ್ನು ಜೋಡಿಸಿಕೊಂಡು. ಅಚ್ಚಿನಮ್ಮ ಅಲ್ಲಿಂದಲೇ ಫೋನು ಮಾಡಿದಳು. ಎರಡು ಸಲ ಯಾರೂ ಎತ್ತಲಿಲ್ಲ. ಮೂರನೆಯ ಸಲಕ್ಕೆ ಗದ್ದಲದ ನಡುವೆ ಹಾರ್ನ್ ಮಾವನ ದನಿ ಬಂತು.

"ಎಲ್ಲಿದ್ದೀರಿ ಮಾವ? ಗಡಿ ದಾಟಿದ್ರಾ?"

"ಎಲ್ಲಿ ದಾಟೋದು! ಟೈರು ಕೈ ಕೊಡ್ತು. ಈಚೆ ಕಡೆ ಪಂಚರ್ ಅಂಗಡೀಲಿ ಕೂತಿದೀನಿ."

"ನನ್ನ ಡಬ್ಬಿ ಆಚೆ ಹೋಗಬಾರದು. ಒಂದೂ ಹೋಗಬಾರದು."

"ನಾನೂ ಅದನ್ನೇ ಯೋಚನೆ ಮಾಡ್ತಿದ್ದೆ ತಾಯಿ. ಈ ಪಂಚರ್ ಹಾಕೋನೇ ಈಗ ಫೋನಲ್ಲಿ ತೋರಿಸಿದ, ನೋಡಣ್ಣ ಎಷ್ಟು ಚೆನ್ನಾಗಿ ಮಾತಾಡ್ತಾರೆ ಅಂತ. ಏನು ಮಾಡ್ಲಿ, ಹಳ್ಳಕ್ಕೆ ಎಸೀಲಾ?"

"ಎಸೆದದ್ದು ಯಾರದೋ ಕೈಗೆ ಸಿಗುತ್ತೆ. ತಿಂದುಬಿಡಿ. ಇನ್ನೂ ಪೂಜೆ ಆಗಿಲ್ಲ, ಬರೀ ರೊಟ್ಟಿ. ದೋಷ ಇಲ್ಲ."

"ಡಬ್ಬಿ ಪೂರ್ತಿನಾ?"

"ಪೂರ್ತಿ, ಮಾವ."

"ಉಪ್ಪಿಲ್ಲ, ಖಾರ ಇಲ್ಲ, ಪೇಪರ್ ಅಗಿದ ಹಾಗಿರುತ್ತಲ್ಲ ತಾಯಿ ಇದು. ಆಗಲಿ, ಚಹಾದಲ್ಲಿ ಅದ್ದಿ ಅದ್ದಿ ಮುಗಿಸ್ತೀನಿ. ನೀವು ಅಳಬೇಡಿ."

ಅವನು ಮುಗಿಸಿದ. ಡಬ್ಬಿಯ ತಳವನ್ನೂ ಒರೆಸಿ ನೆಕ್ಕಿದೆ ಎಂದು ಆಮೇಲೆ ಎಷ್ಟೋ ದಿನ ಹೇಳಿಕೊಂಡು ನಗಿಸಲು ನೋಡಿದ.

ವಿಡಿಯೊ ಅಳಿಸಿಹಾಕಿಸಲು ಅಕ್ಕ ಕೈಲಾದದ್ದೆಲ್ಲ ಮಾಡಿದರು. ಒಂದು ಕಡೆ ತೆಗೆದರೆ ಇನ್ನೊಂದು ಕಡೆ ಕಾಣುತ್ತಿತ್ತು. ಮುಖ್ಯ ಕಚೇರಿಯವರು ಅಕ್ಕನನ್ನು ತರಾಟೆಗೆ ತೆಗೆದುಕೊಂಡರು. ಜೊತೆಗೆ ಒಂದು ಆಜ್ಞೆ ಹೊರಡಿಸಿದರು: ಇನ್ನು ಆ ದಾರಿಯಲ್ಲಿ ಸಾಮಾನು ಮಾತ್ರ ಹೋಗಬೇಕು, ಯಾರ ಮೂಲಕವೂ ಮಾತು ಹೋಗಕೂಡದು. ಅದು ಸರಿಯಾದ ಆಜ್ಞೆಯೇ. ಅಚ್ಚಿನಮ್ಮನ ಪಾಲಿಗೆ ಮಾತ್ರ ಉಳಿದಿದ್ದ ಕಿಂಡಿಯೂ ಅದರಿಂದ ಮುಚ್ಚಿತು.

ಅವಳು ಮೂರು ದಿನ ಒಲೆ ಹಚ್ಚಲಿಲ್ಲ. ರೊಟ್ಟಿ ನಿಂತರೆ ಅಲ್ಲಿಯ ಮನೆಗಳಿಗೆ ಪ್ರಸಾದವಿಲ್ಲ. ಮೊಂಡು ತೋಳು ಹೋದರೆ ಹಿಡಿದವರ ಮನೆ ಉರಿಯುತ್ತದೆ. ಹೊಸ ಗುರುತೊಂದನ್ನು ಕೆತ್ತಬಹುದಿತ್ತು, ಆದರೆ ಅದರ ಅರ್ಥವನ್ನು ಅಣ್ಣನಿಗೆ ಹೇಳುವವರು ಯಾರು? ನೆಟ್ಟಗಿರುವ ಶಿಲುಬೆ ಎಲ್ಲ ಊರಿನ ರೊಟ್ಟಿಯ ಮೇಲೂ ಇರುತ್ತದೆ, ಅದರಿಂದ ಯಾರ ಸುಳಿವೂ ಸಿಗದು. ಅದನ್ನು ಕಳಿಸಿದರೆ ಎಲ್ಲರೂ ಸುರಕ್ಷಿತ. ಅಣ್ಣನಿಗೆ ಮಾತ್ರ ಅದು ತಂಗಿಯ ಸಾವಿನ ಸುದ್ದಿ, ಅವನೇ ಹೇಳಿಟ್ಟ ಅರ್ಥ.

ನಾಲ್ಕನೆಯ ದಿನ ಅವಳು ಒಲೆ ಹಚ್ಚಿದಳು. ಪ್ರತಿ ಹಾಳೆಯಲ್ಲಿ ಮೂರು ರೊಟ್ಟಿ ಡಬ್ಬಿಗೆ, ಮೊಂಡು ತೋಳಿನದು ಬೇರೆ ಬಟ್ಟಲಿಗೆ. ಮುಚ್ಚುವ ಮುನ್ನ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದನ್ನೂ ನೋಡಿದಳು, ತಪ್ಪಿ ಕೂಡ ಒಂದು ಸೇರಬಾರದೆಂದು. ಮೊದಲೆಲ್ಲ ಅದೇ ಕಿಟಕಿಯಲ್ಲಿ ಅದೇ ಗುರುತನ್ನು ಹುಡುಕಿ ಮೇಲಿಡುತ್ತಿದ್ದಳು.

ಬಟ್ಟಲಿನಲ್ಲಿ ಉಳಿದವನ್ನು ಬಿಸಾಡಲು ಅವಳಿಗೆ ಕೈ ಬರಲಿಲ್ಲ. ಅವು ಮೇಲಿನ ಚರ್ಚಿಗೇ ಹೋದವು. ಮುಂದಿನ ಭಾನುವಾರ ಪ್ರಸಾದದ ಸಾಲಿನಲ್ಲಿ ಅಕ್ಕ ಅವಳಿಗಿಂತ ಸ್ವಲ್ಪ ಮುಂದೆ ನಿಂತಿದ್ದರು. ಫಾದರ್ ಅಕ್ಕನ ಅಂಗೈ ಮೇಲೆ ಮೊಂಡು ತೋಳಿನದೊಂದನ್ನು ಇಟ್ಟರು. ಅಕ್ಕ ಅದನ್ನು ನೋಡಿದರು. ಬಾಯಿಗೆ ಹಾಕಿಕೊಳ್ಳದೆ ನೋಡುತ್ತಲೇ ನಿಂತರು. "ಮುಂದೆ ಹೋಗಮ್ಮ," ಎಂದು ಹಿಂದಿನವರು ಮೆಲ್ಲಗೆ ಹೇಳಬೇಕಾಯಿತು.

ಆಮೇಲೆ ಅವರು ಅಡುಗೆಮನೆಯ ಬಾಗಿಲಿಗೆ ಬಂದರು. "ನನ್ನ ಮೇಲೆ ಕೋಪ ಇದ್ರೆ ಬೈದುಬಿಡೇ," ಎಂದರು.

"ಬೈಯೋದೇನಿದೆ. ಹೊಸ ಕಂಬಳಿಗಳು ಬಂದಿವೆ ಮೇಡಂ, ಎಲ್ಲಿ ಇಡಿಸ್ಲಿ?"

ಮೇಡಂ ಎಂದದ್ದು ಅಕ್ಕನಿಗೆ ಏಟು ಬಿದ್ದ ಹಾಗಾಯಿತು. ಕಪಾಟು ತುಂಬಿದೆ ಎಂದು ಹೇಳಿ ಹೊರಟುಹೋದರು. ಕಪಾಟು ನಿಜವಾಗಿಯೂ ತುಂಬಿತ್ತು. ಆ ವರ್ಷ ಗಡಿಯಾಚೆ ಚಳಿಯಲ್ಲಿ ನಡುಗಬೇಕಾಗಿದ್ದ ಎಷ್ಟೋ ಮಕ್ಕಳು ಬೆಚ್ಚಗೆ ಮಲಗಿದರು. ಅಚ್ಚಿನಮ್ಮನೇ ಆ ಕಂಬಳಿಗಳನ್ನು ಮಡಿಸಿ ಕಟ್ಟಿದಳು. ಅದನ್ನು ಅವಳು ಎಂದೂ ಅಲ್ಲಗಳೆಯಲಿಲ್ಲ.

ಲಾರಿ ಒಮ್ಮೆ ಹೋಗಿ ಬಂತು. ಡಬ್ಬಿ ಖಾಲಿ ಬಂತು. ಮತ್ತೆ ಹೋಯಿತು. ಅಣ್ಣ ಇದ್ದಾನೋ, ಹಿಡಿದೊಯ್ದರೋ, ಹಳೆಯ ಡಬ್ಬಿಯ ರೊಟ್ಟಿ ಯಾರದಾದರೂ ಕೈಗೆ ಸಿಕ್ಕಿತೋ ಒಂದೂ ತಿಳಿಯಲಿಲ್ಲ. ಕೇಳುವ ದಾರಿಯೂ ಇರಲಿಲ್ಲ. ಓಣಿಯ ಮಕ್ಕಳು ಚೂರು ಕೇಳಲು ಬಂದರೆ ಕೊಡುತ್ತಿದ್ದಳು, ಆದರೆ ಮೊದಲಿನಂತೆ ಅವರ ಜೊತೆ ಹುಸಿಜಗಳವಾಡುವುದನ್ನು ಬಿಟ್ಟಿದ್ದಳು.

ಒಂದು ಬೆಳಿಗ್ಗೆ ಓಣಿಯ ತುದಿಯಿಂದಲೇ ಹಾರ್ನ್ ಕೇಳಿಸಿತು. ಹಾರ್ನ್ ಮಾವ ಡಬ್ಬಿಯನ್ನು ಕಿವಿಯ ಬಳಿ ಅಲ್ಲಾಡಿಸುತ್ತಾ ಒಳಗೆ ಬಂದ.

"ಯಾವಾಗ್ಲೂ ಖಾಲಿ ಬರೋದು. ಈ ಸಲ ಒಳಗೆ ಏನೋ ಉರುಳಾಡ್ತಿದೆ. ನಾನು ಮುಚ್ಚಳ ತೆಗೆದಿಲ್ಲಪ್ಪ, ಆಮೇಲೆ ಇವನೇ ತಿಂದ ಅಂತೀರಿ."

ಅವಳು ಮುಚ್ಚಳ ತೆಗೆದಳು. ಬಟ್ಟೆಯ ತುಂಡಿನಲ್ಲಿ ಸುತ್ತಿದ ಒಂದು ಮೇಣದಬತ್ತಿ. ಅರ್ಧ ಉರಿದಿತ್ತು. ಊದಿ ಆರಿಸಿದ್ದಲ್ಲ, ಬತ್ತಿಯನ್ನು ಬೆರಳಿನಿಂದ ಒತ್ತಿ ಆರಿಸಿ, ಇಳಿದ ಮೇಣವನ್ನು ನೀಟಾಗಿ ಕೆರೆದು ತೆಗೆದಿದ್ದರು. ಜೊತೆಗೆ ಒಂದಕ್ಷರವೂ ಇರಲಿಲ್ಲ. ಈಗ ರೊಟ್ಟಿ ಸುಡುತ್ತಿರುವವರು ಯಾರೇ ಆಗಲಿ, ಹಿಂದೆ ಸುಡುತ್ತಿದ್ದವಳ ಸಮಾಧಿ ಅವರಿಗೆ ಗೊತ್ತಿರುತ್ತದೆ, ಉಳಿದರ್ಧವನ್ನು ಅಲ್ಲಿ ಹಚ್ಚುತ್ತಾರೆ ಎಂದು ನಂಬಿ ಅಣ್ಣ ಕಳಿಸಿದ್ದು.

ಅವಳು ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಹಾರ್ನ್ ಮಾವ ಏನಾಯಿತೆಂದು ತಿಳಿಯದೆ ಚೊಂಬಿನಲ್ಲಿ ನೀರು ತಂದ. ಅವನ ಗಾಬರಿಯ ದನಿ ಕೇಳಿ ಪಕ್ಕದ ಕೋಣೆಯಿಂದ ಕಾರ್ಯದರ್ಶಿ ಓಡಿಬಂದರು. ಬಾಗಿಲಲ್ಲೇ ನಿಂತು ಮೇಣದಬತ್ತಿಯನ್ನು ಕಂಡರು. ಅದರ ಅರ್ಥ ಈ ಊರಿನಲ್ಲಿ ಅಚ್ಚಿನಮ್ಮನನ್ನು ಬಿಟ್ಟರೆ ಅವರೊಬ್ಬರಿಗೆ ಮಾತ್ರ ಗೊತ್ತಿತ್ತು.

"ಅಣ್ಣ..." ಎಂದರು. "ಅಣ್ಣ ಇದಾರಾ?"

"ಇದಾನೆ ಮೇಡಂ," ಎಂದಳು ಅಚ್ಚಿನಮ್ಮ. "ನಾನೇ ಇಲ್ಲ."

ಒಲೆಯ ಮೇಲೆ ಅಚ್ಚು ಕಾದು ಹೊಗೆಯಾಡುತ್ತಿತ್ತು. ಅವಳು ಎದ್ದು ಮೇಣದಬತ್ತಿಯನ್ನು ಬಿಸಿ ತಾಗದಷ್ಟು ದೂರದಲ್ಲಿ, ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ಫಲಕಕ್ಕೆ ಜೇನುಮೇಣ ಸವರಿ ಒರೆಸಿದಳು, ಹಿಟ್ಟು ಹೊಯ್ದಳು, ಹಿಡಿ ಒತ್ತಿದಳು. ಚುಸ್ಸೆಂದು ಆವಿ ಹೊರಟಿತು. ಅದರ ಸದ್ದು ನಿಲ್ಲುವವರೆಗೂ ಅವಳು ಹಿಡಿಯನ್ನು ಬಿಡಲಿಲ್ಲ.